ಹುಯ್ಯಲು: ಬಿಜಾಪುರ ಸೀಮೆಯಲ್ಲಿ ಆತ್ಮರಕ್ಷಣೆಯ ಪೂರ್ವವೃತ್ತ

ಕನ್ನಡ ನಾಡಿನ ವೀರಗಲ್ಲುಗಳನ್ನು ಓದಿದವರಿಗೆ ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮೂರು ಮಾತುಗಳು ಪರಿಚಿತವಾಗಿವೆ. ದನಗಳನ್ನು ಹೊಡೆದುಕೊಂಡು ಹೋಗುವವರೊಡನೆ ನಡೆದ ಕಾಳಗವು ತುರುಗೋಳ್. ಊರ ಮೇಲೆ ಬಿದ್ದ ದಾಳಿಯನ್ನು ತಡೆಯಲು ನಡೆದುದು ಊರಳಿವು. ಹೆಣ್ಣಿನ ಮಾನವನ್ನು ಕಾಯಲು ನಡೆದುದು ಪೆಣ್ಬುಯ್ಯಲ್. ಈ ಮೂರನೆಯ ಮಾತಿನಲ್ಲಿ ಒಂದು ವಿಶೇಷವುಂಟು. ಪುಯ್ಯಲ್ ಎಂದರೆ ಕಾಳಗವಷ್ಟೇ ಅಲ್ಲ. ಕೂಗು, ಮೊರೆ, ಆರ್ತನಾದ ಎಂಬ ಅರ್ಥಗಳೂ ಅದಕ್ಕುಂಟು. ಪಕಾರವು ಹಕಾರವಾಗಿ ಅದೇ ಶಬ್ದವು ಹುಯ್ಯಲು, ಹುಯಿಲು ಎಂದಾಯಿತು. ಹುಯಿಲೆಬ್ಬಿಸಿದರು ಎಂದು ಇಂದಿಗೂ ಹೇಳುವದುಂಟು. ಮೊರೆಯಿಟ್ಟವಳ ಕೂಗೇ ಕಾಳಗದ ಹೆಸರಾಗಿ ನಿಂತಿತೆಂದರೆ, ಆ ಕಾಲದ ಜನರ ಎಣಿಕೆಯಲ್ಲಿ ಕೂಗುವದೂ ಕೂಗಿಗೆ ಓಡಿಬರುವದೂ ಎರಡು ಬೇರೆ ಸಂಗತಿಗಳಾಗಿರಲಿಲ್ಲವೆಂದು ತಿಳಿಯಬೇಕು. ಓಡಿಬಂದು ಮಡಿದವನ ಮನೆಯವರಿಗೆ ನೆತ್ತರುಕೊಡಗೆ ಎಂದು ಭೂಮಿಯನ್ನು ಬಿಟ್ಟ ಶಾಸನಗಳು ಹಲವಿವೆ. ಮಡಿದವರೆಲ್ಲರೂ ಸೇನೆಯ ಭಟರಲ್ಲ; ಗೌಡನೂ ಆಳುಮಗನೂ ದನಗಾಹಿಯೂ ಅವರಲ್ಲಿ ಉಂಟು.

ಶಾಸ್ತ್ರಕಾರರು ಇದನ್ನು ಕೇವಲ ಪುಣ್ಯದ ಮಾತೆಂದು ಬಿಡಲಿಲ್ಲ. ಹುಯ್ಯಲನ್ನು ಕೇಳಿಯೂ ಓಡಿಬಾರದವನಿಗೆ ಯಾಜ್ಞವಲ್ಕ್ಯಸ್ಮೃತಿಯು ನೂರು ಪಣಗಳ ದಂಡವನ್ನು ವಿಧಿಸುತ್ತದೆ. ಕಾರಣವಿಲ್ಲದೆ ಹುಯ್ಯಲಿಡುವವನಿಗೂ ಅಷ್ಟೇ ದಂಡ. ಮನುವಾದರೋ, ಊರು ಸುಲಿಗೆಯಾಗುವಾಗ ಅಥವಾ ದಾರಿಯಲ್ಲಿ ದರೋಡೆ ನಡೆಯುವಾಗ ಶಕ್ತಿಯಿದ್ದಷ್ಟು ಓಡಿಹೋಗದವರನ್ನು ಗಂಟುಮೂಟೆಸಹಿತ ದೇಶದಿಂದ ಹೊರಡಿಸಬೇಕೆನ್ನುತ್ತಾನೆ. ಯಾಜ್ಞವಲ್ಕ್ಯನ ಅದೇ ದಂಡದ ಪಟ್ಟಿಯಲ್ಲಿ, ಕೀಳೆಂದು ಕರೆಯಲ್ಪಟ್ಟವನು ಮೇಲಿನವನನ್ನು ಮುಟ್ಟಿದರೆ ಅದೂ ಅಪರಾಧವೆಂದು ಎಣಿಸಿದೆ. ಇದನ್ನು ಮರೆಮಾಚಿ ಉಳಿದುದನ್ನು ಮಾತ್ರ ಹೊಗಳುವದು ನ್ಯಾಯವಲ್ಲ. ಯಾರ ಕೂಗು ಊರಿಗೆ ಕೇಳಿಸುತ್ತಿತ್ತು, ಯಾರದು ಕೇಳಿಸುತ್ತಿರಲಿಲ್ಲ ಎಂಬ ಪ್ರಶ್ನೆಯು ಅಲ್ಲಿಯೇ ಹುಟ್ಟುತ್ತದೆ.

ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ದೂರದವನಲ್ಲ. ಆರನೆಯ ವಿಕ್ರಮಾದಿತ್ಯನ (1076-1126) ಕಲ್ಯಾಣದಲ್ಲಿದ್ದವನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ನೆಲವು ಆಗ ಆ ಕಲ್ಯಾಣದ ಆಳಿಕೆಯಲ್ಲಿಯೇ ಇದ್ದಿತು. ಈ ಸೀಮೆಯ ದಾರಿಗಳಲ್ಲಿ ಅದಕ್ಕೂ ಮುಂಚಿನಿಂದ ಜನಸಂಚಾರವು ಬಹಳವಾಗಿದ್ದಿತು. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನು ಸ್ಥಾಪಿಸಿದ ವಿದ್ಯಾಶಾಲೆಯ ಶಾಸನವು ಕ್ರಿ.ಶ. 945ರದು. ಊರಿಗೆ ಆಗ ಪಾವಿಟ್ಟಗೆಯೆಂಬ ಹೆಸರು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕಾಗಿ 27 ಮನೆಗಳಿದ್ದುವು; ಮದುವೆ, ಉಪನಯನ, ಚೌಲಗಳಲ್ಲಿ ಊರವರು ಶಾಲೆಗೆ ಕೊಡಬೇಕಾದ ಕಾಣಿಕೆಯೂ ಗೊತ್ತಾಗಿದ್ದಿತು. ದೀಪದ ಎಣ್ಣೆಗೂ ಭೂಮಿಯನ್ನು ಬಿಟ್ಟವರು ಹುಡುಗರು ಬರುವ ದಾರಿಯ ವಿಷಯದಲ್ಲಿ ಏನನ್ನೂ ಬರೆಯಿಸಲಿಲ್ಲ. ಹನ್ನೆರಡು ವರ್ಷದ ವಟುವು ಹೊಳೆ ದಾಟಿ, ಊರೂರು ತಂಗಿ ಬರುವದೆಂದರೆ, ಒಂದೊಂದು ಊರೂ ತನ್ನ ಎಲ್ಲೆಯೊಳಗೆ ಅವನ ಹೊಣೆಯನ್ನು ಹೊತ್ತಿದ್ದಿರಬೇಕು.

ಆ ಹೊಣೆಯ ಲೆಕ್ಕವು ಸ್ಮೃತಿಯಲ್ಲಿ ಸ್ಪಷ್ಟವಾಗಿದೆ. ಊರೊಳಗೆ ಕೊಲೆಯೋ ಕಳವೋ ಆಗಿ ಕಳ್ಳನ ಹೆಜ್ಜೆಯು ಊರ ಹೊರಗೆ ಹೋದುದು ಕಾಣದಿದ್ದರೆ, ದೋಷವು ಗ್ರಾಮಾಧಿಪತಿಯದು. ಹೆಜ್ಜೆಯು ಯಾವ ಊರ ಎಲ್ಲೆಯನ್ನು ಹೊಕ್ಕಿತೋ ಆ ಊರು ಕಳ್ಳನನ್ನು ಒಪ್ಪಿಸಬೇಕು, ಇಲ್ಲವೆ ಹೋದ ಒಡವೆಯನ್ನು ತುಂಬಿಕೊಡಬೇಕು. ಗೋಮಾಳದಲ್ಲಾದರೆ ಗೋಮಾಳದ ಒಡೆಯನು. ಬರಿದಾರಿಯಲ್ಲಾದರೆ ಕಳ್ಳರನ್ನು ಹಿಡಿಯಲು ನೇಮಿಸಲ್ಪಟ್ಟವನು. ಊರಿನಿಂದ ಕ್ರೋಶಕ್ಕೆ ಮಿಕ್ಕ ದೂರದಲ್ಲಾದರೆ ಸುತ್ತಲಿನ ಐದು ಊರುಗಳು, ಇಲ್ಲವೆ ಹತ್ತು ಊರುಗಳು ಕೂಡಿ. ಆಂಗ್ಲ ದೇಶದಲ್ಲಿಯೂ 1285ರ ವಿಂಚೆಸ್ಟರ್ ಶಾಸನವು ಬಹುಮಟ್ಟಿಗೆ ಇದನ್ನೇ ಹೇಳುವದು ಸೋಜಿಗ. ಕೂಗು ಎದ್ದೊಡನೆ ಎಲ್ಲರೂ ಬೆನ್ನಟ್ಟಬೇಕು, ದರೋಡೆಗಾರನು ಸಿಕ್ಕದಿದ್ದರೆ ಆ ಪ್ರಾಂತದ ಜನರೇ ನಷ್ಟವನ್ನು ಕೊಡಬೇಕು ಎಂದುದಲ್ಲದೆ, ಹೆದ್ದಾರಿಯ ಎರಡೂ ಮಗ್ಗುಲಿಗೆ 200 ಅಡಿಗಳವರೆಗೆ ಪೊದೆಗಳನ್ನು ಕಡಿಯಬೇಕೆಂದೂ ಅದು ವಿಧಿಸಿತು. ಈ ಕಡೆಯ ನಿಯಮವನ್ನು ಓದಿದರೆ ಡೋಣಿ ದಂಡೆಯ ಎರೆಹೊಲಗಳು ನೆನಪಿಗೆ ಬರುತ್ತವೆ. ಬೇಸಿಗೆಯಲ್ಲಿ ಅಲ್ಲಿ ಹರದಾರಿ ದೂರದ ಮನುಷ್ಯನೂ ಕಾಣುವನು. ಪುಷ್ಯ ಮಾಘಗಳಲ್ಲಿ ಬಿಳಿಜೋಳವು ಆಳುದ್ದ ನಿಂತಾಗ ಹತ್ತು ಮಾರಿನಾಚೆಯ ಬಂಡಿಯೂ ಕಾಣದು. ಬೆಳೆಯನ್ನು ಕಡಿಯುವದಂತೂ ಶಕ್ಯವಿಲ್ಲ. ಅದಕ್ಕಾಗಿಯೇ ನಾಲ್ಕಾರು ಬಂಡಿಗಳನ್ನು ಜೋಡಿಸಿ ಸಾಗುವದು, ಹೊತ್ತು ಮುಳುಗುವ ಮುನ್ನ ಊರು ಸೇರುವದು, ಹೆಣ್ಣುಮಕ್ಕಳು ನೀರಿಗೂ ಹೊಲಕ್ಕೂ ಬಯಲಕಡೆಗೂ ಜೊತೆಗೂಡಿಯೇ ಹೋಗುವದು ಎಂಬ ರೂಢಿಗಳು ಬೆಳೆದುವು. ಯುಗಾದಿಗೆ ಮುಂಚೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುವ ಪರಿಷೆಯಲ್ಲಿ ಈ ಜೊತೆಯ ಮರ್ಯಾದೆಯು ಇಂದಿಗೂ ಉಳಿದಿದೆ.

ಊರಿನ ಪರವಾಗಿ ಈ ಹೊಣೆಯನ್ನು ಮೈಮೇಲೆ ಹೊತ್ತವನು ತಳವಾರ. ಹೆಜ್ಜೆಯನ್ನು ಗುರುತಿಸುವದು, ಪರಸ್ಥಳದವರ ಬರವು ಹೋಕುಗಳನ್ನು ಗಮನಿಸುವದು, ಇರುಳು ಗಸ್ತು ತಿರುಗುವದು ಅವನ ಕೆಲಸ. ಉಂಬಳಿಯ ಭೂಮಿಯೂ ರಾಶಿಯ ಕಾಲದ ಆಯವೂ ಅವನ ಸಂಬಳ. ಬಸವಣ್ಣನವರ ಕಾಲದ ಶರಣರಲ್ಲಿ ತಳವಾರ ಕಾಮಿದೇವಯ್ಯನೆಂಬ ವಚನಕಾರನಿದ್ದುದು ಈ ವೃತ್ತಿಗೆ ಒಂದು ಗೌರವ.

ಆದರೆ ತಳವಾರನು ಬರುವ ತನಕ, ಊರು ಎಚ್ಚರವಾಗುವ ತನಕ, ಸಿಕ್ಕಿಬಿದ್ದವನು ಏನು ಮಾಡಬೇಕು? ಮಿತಾಕ್ಷರದ ವ್ಯವಹಾರಾಧ್ಯಾಯದಲ್ಲಿ ಇದಕ್ಕೆ ಸೂಕ್ಷ್ಮವಾದ ಉತ್ತರವಿದೆ. ಕೊಲ್ಲಬಂದವನಿಗೆ ಶಾಸ್ತ್ರದಲ್ಲಿ ಆತತಾಯಿಯೆಂದು ಹೆಸರು; ಅವನನ್ನು ವಿಚಾರಿಸದೆ ಕೊಲ್ಲಬಹುದೆಂಬ ಮನುವಚನವು ಪ್ರಸಿದ್ಧವಾದುದು. ವಿಜ್ಞಾನೇಶ್ವರನು ಅದನ್ನು ಹಾಗೆಯೇ ಒಪ್ಪುವದಿಲ್ಲ. ಗುರುವೋ ಬ್ರಾಹ್ಮಣನೋ ಆತತಾಯಿಯಾಗಿ ಬಂದಾಗ ತನ್ನ ರಕ್ಷಣೆಗಾಗಿ, ಕೊಲ್ಲುವ ಉದ್ದೇಶವಿಲ್ಲದೆ, ತಡೆಯುತ್ತಿರುವಾಗ ಪ್ರಮಾದದಿಂದ ಅವನು ಸತ್ತರೆ ಲಘುಪ್ರಾಯಶ್ಚಿತ್ತವುಂಟು, ರಾಜದಂಡವಿಲ್ಲ ಎಂದು ಅವನ ನಿರ್ಣಯ. ಬ್ರಾಹ್ಮಣನ ವಿಷಯದ ಪಕ್ಷಪಾತವನ್ನು ತೆಗೆದುಹಾಕಿ ನೋಡಿದರೆ ಉಳಿಯುವ ತತ್ವವಿಷ್ಟು: ಕೈಯೆತ್ತುವದು ನಿವಾರಣೆಗಾಗಿ, ಹಗೆ ತೀರಿಸಲಿಕ್ಕಲ್ಲ.

ನಿವಾರಣೆಗೆ ಮೈಯೂ ಅಣಿಯಾಗಿರಬೇಕು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 1129ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಅಲ್ಲಿ ಮಲ್ಲರ ತರಗತಿಗಳಲ್ಲಿ ಜ್ಯೇಷ್ಠಿಕರೆಂಬ ಹೆಸರು ಬರುವದು. ಕನ್ನಡದ ಜೆಟ್ಟಿಯೆಂಬ ಮಾತು ಈ ಮೂಲದ್ದೇ. ಅರಸನ ವಿನೋದವು ಊರ ಗರಡಿಯಲ್ಲಿ ನಿತ್ಯದ ಸಾಧನೆಯಾಯಿತು. ಬಿಜಾಪುರ ಸೀಮೆಯಲ್ಲಿ ಅದಕ್ಕೆ ತಾಲೀಮು ಮನೆಯೆಂದು ರೂಢಿ. ಕುಸ್ತಿ, ಬಡಿಗೆಯ ವರಸೆ, ಸಂಗ್ರಾಣಿ ಕಲ್ಲನ್ನು ಎತ್ತುವದು ಇವೆಲ್ಲ ಜಾತ್ರೆಯಲ್ಲಿ ಪ್ರದರ್ಶನವಾದರೂ ದಾರಿ ನಡೆಯುವವನಿಗೆ ಧೈರ್ಯದ ಮೂಲಗಳಾಗಿದ್ದುವು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವ್ಯವಸ್ಥೆಯು ಅಲುಗಿತು. ಪೇಶ್ವೆಯರ ಪತನದ ಬಳಿಕವೂ ಜನರ ಕೈಯಲ್ಲಿ ಆಯುಧಗಳು ತುಂಬಿದ್ದುವು. 1824ರಲ್ಲಿ ದಿವಾಕರ ದೀಕ್ಷಿತನೆಂಬವನು ಗುಂಪು ಕೂಡಿಸಿ ಸಿಂದಗಿಯನ್ನು ಕೊಳ್ಳೆಹೊಡೆದು ಅಲ್ಲಿ ತನ್ನ ಠಾಣೆಯನ್ನಿಟ್ಟು ಕಂದಾಯದ ವಸೂಲಿಗೆ ಕೈಹಾಕಿದನು. ಅವನನ್ನು ಬಂಡಾಯಗಾರರ ಸಾಲಿನಲ್ಲಿ ಸ್ಮರಿಸುವವರುಂಟು. ಕೊಳ್ಳೆ ಹೋದ ಸಿಂದಗಿಯ ಗೃಹಸ್ಥನು ಏನೆಂದನೆಂಬದನ್ನು ಮಾತ್ರ ಯಾರೂ ಬರೆದಿಡಲಿಲ್ಲ. 1857ರಲ್ಲಿ ಪರವಾನಿಗೆಯಿಲ್ಲದೆ ಆಯುಧ ಇಡಬಾರದೆಂಬ ಕಾಯಿದೆಯು ಬಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ಒಪ್ಪದೆ ನಿಂತರು. ನವೆಂಬರದ ಕೊನೆಗೆ ಇಂಗ್ಲಿಷರ ಪಡೆಯು ಊರನ್ನು ಸುಟ್ಟಿತು. ಡಿಸೆಂಬರದಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಆಯುಧವನ್ನು ಕೊಡುವದೆಂದರೆ ಆ ಬೇಡರಿಗೆ ಕಸುಬನ್ನೂ ಮಾನವನ್ನೂ ಕೊಟ್ಟಂತೆ. ಇದಾದ ಮೂರೇ ವರ್ಷಗಳಿಗೆ, 1860ರಲ್ಲಿ, ಅದೇ ಸರಕಾರವು ದಂಡಸಂಹಿತೆಯನ್ನು ರಚಿಸಿ ಆತ್ಮರಕ್ಷಣೆಯ ಹಕ್ಕನ್ನು ಅದರಲ್ಲಿ ವಿಸ್ತಾರವಾಗಿ ಬರೆಯಿಸಿತು. ಕತ್ತಿಯು ಹೋಯಿತು, ಹಕ್ಕು ಬಂದಿತು. 1867ರ ಮುಂಬಯಿ ಗ್ರಾಮಪೋಲೀಸ ಕಾಯಿದೆಯಿಂದ ಗೌಡನು ಪೋಲೀಸ ಪಾಟೀಲನಾಗಿ ಸರಕಾರಕ್ಕೆ ಉತ್ತರವಾದಿಯಾದನು. 1871ರ ಕಾಯಿದೆಯಾದರೋ ಕೆಲವು ಜಾತಿಗಳನ್ನೇ ಹುಟ್ಟುಗಳ್ಳರೆಂದು ಬರೆದುಕೊಂಡಿತು. ಬಿಜಾಪುರದಲ್ಲಿ 1910ರ ಸುಮಾರಿಗೆ ಅಂಥವರಿಗಾಗಿ ವಸಾಹತು ಏರ್ಪಟ್ಟು, ತಪ್ಪಿಲ್ಲದವರೂ ಹಾಜರಿ ಹೇಳಬೇಕಾಯಿತು. 1952ರಲ್ಲಿ ಆ ಕಾಯಿದೆಯು ರದ್ದಾಯಿತು. ಜನರ ಸಂಶಯವು ಅಷ್ಟು ಬೇಗ ರದ್ದಾಗಲಿಲ್ಲ. ತಳವಾರಿಕೆ ಮೊದಲಾದ ವಂಶಪಾರಂಪರ್ಯದ ಗ್ರಾಮವೃತ್ತಿಗಳು 1963ರಲ್ಲಿ ಕೊನೆಗೊಂಡುವು. ಹುಟ್ಟಿನಿಂದ ಬಂದ ಚಾಕರಿಯು ಹೋದುದು ಒಳ್ಳೆಯದೇ ಆಯಿತು. ಅದರೊಡನೆ ಊರಿನ ಹೊಣೆಯೂ ಪೋಲೀಸ ಠಾಣೆಗೆ ಹೊರಟುಹೋಯಿತು.

ಈಗ ಬಸ್ಸಿನ ನಿಲ್ದಾಣದಲ್ಲಿಯೋ ಸಂತೆಯಲ್ಲಿಯೋ ಒಬ್ಬಳು ಕೂಗಿಕೊಂಡರೆ, ತಿರುಗಿ ನೋಡುವವರು ನೂರು ಮಂದಿ. ಮುಂದೆ ಬರುವವರು ಒಬ್ಬಿಬ್ಬರು. ಕೋರ್ಟು ಕಚೇರಿಯ ಗೊಡವೆ ಯಾಕೆಂಬದು ಸಾಮಾನ್ಯವಾದ ಸಮಾಧಾನ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳನ್ನು ಓದಿದವರಿಗೆ ಈ ಅಂಜಿಕೆಯು ಬಹುಮಟ್ಟಿಗೆ ನಿರಾಧಾರವೆಂದು ಗೊತ್ತಾಗುವದು. ರಕ್ಷಿಸಿಕೊಳ್ಳುವ ಹಕ್ಕು ತನ್ನ ದೇಹಕ್ಕೆ ಮಾತ್ರವಲ್ಲ, ಮತ್ತೊಬ್ಬರ ದೇಹಕ್ಕೂ ಸಲ್ಲುತ್ತದೆ. ಓಡಿಬಂದವನಿಗೂ ಅದೇ ರಕ್ಷೆ. ಮೊದಲ ಪೆಟ್ಟು ಬೀಳುವ ತನಕ ಕಾಯಬೇಕಾಗಿಲ್ಲ. ಅಪಾಯದ ಯುಕ್ತವಾದ ಭಯವು ಹುಟ್ಟಿದೊಡನೆ ಹಕ್ಕೂ ಹುಟ್ಟುತ್ತದೆ, ಆ ಭಯವು ತೀರಿದೊಡನೆ ತೀರುತ್ತದೆ. ಅವಶ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದು. ಅಧಿಕಾರಿಗಳ ಆಶ್ರಯವನ್ನು ಪಡೆಯಲು ಸಮಯವಿದ್ದಾಗ ಹಕ್ಕಿಲ್ಲ. ಪ್ರಾಣಹರಣದ ವರೆಗೆ ಹೋಗಬಹುದಾದ ಸಂದರ್ಭಗಳಲ್ಲಿ ಬಲಾತ್ಕಾರವೂ ಅಪಹರಣವೂ ಹಿಂದಿನಿಂದಲೇ ಸೇರಿದ್ದುವು. ಆಮ್ಲದ ದಾಳಿಯನ್ನು 2013ರಲ್ಲಿ ಕೂಡಿಸಿದರು. ಇಷ್ಟೆಲ್ಲ ಇದ್ದರೂ, ಹುಯ್ಯಲು ಕೇಳಿ ಬಾರದವನಿಗೆ ನೂರು ಪಣದ ದಂಡವಿಲ್ಲ. 112ಕ್ಕೆ ಫೋನು ಮಾಡಿದರೆ ಪೋಲೀಸರು ಬರುವರು. ಅವರು ಬರುವ ವರೆಗಿನ ಹತ್ತು ಇಪ್ಪತ್ತು ನಿಮಿಷಗಳು ನಿಂತವರ ಕೈಯಲ್ಲಿವೆ.

ಯಾಜ್ಞವಲ್ಕ್ಯನ ಎರಡನೆಯ ದಂಡವನ್ನೂ ಇಲ್ಲಿ ನೆನೆಯಬೇಕು. 2018ರ ಜುಲೈ ತಿಂಗಳಲ್ಲಿ, ಅದೇ ಹಳೆಯ ಕಲ್ಯಾಣದ ಸೀಮೆಯ ಬೀದರ ಜಿಲ್ಲೆಯ ಮುರ್ಕಿಯೆಂಬ ಊರಲ್ಲಿ, ಮಕ್ಕಳ ಕಳ್ಳರು ಬಂದರೆಂಬ ಸುಳ್ಳು ಹುಯ್ಯಲು ಮೊಬೈಲುಗಳಲ್ಲಿ ಹಬ್ಬಿತು. ದಾರಿಯಲ್ಲಿ ಮಕ್ಕಳಿಗೆ ಮಿಠಾಯಿ ಕೊಟ್ಟಿದ್ದ ಪರಸ್ಥಳದ ತರುಣರ ಕಾರನ್ನು ಜನರು ಅಡ್ಡಗಟ್ಟಿದರು. ಹೈದರಾಬಾದಿನಿಂದ ಬಂದಿದ್ದ ಒಬ್ಬನು ಆ ಗುಂಪಿನ ಪೆಟ್ಟಿಗೆ ಸತ್ತನು, ಬಿಡಿಸಲು ಹೋದ ಪೋಲೀಸರಿಗೂ ಗಾಯಗಳಾದುವು. ಓಡಿಬಂದವರು ಬೇಕಾದಷ್ಟು ಜನರಿದ್ದರು. ಹುಯ್ಯಲಿಟ್ಟವರು ಯಾರು, ಅದು ನಿಜವೇ ಎಂದು ಕೇಳುವವರು ಇರಲಿಲ್ಲ. ಕಣ್ಣೆದುರಿಗೆ ಘೋರ ಅಪರಾಧವನ್ನು ಮಾಡಿದವನನ್ನು ಯಾವ ಪ್ರಜೆಯಾದರೂ ಹಿಡಿಯಬಹುದೆಂದು ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮು ಹೇಳುತ್ತದೆ. ಹಿಡಿದವನನ್ನು ತಡಮಾಡದೆ, ಹೆಚ್ಚೆಂದರೆ ಆರು ತಾಸುಗಳೊಳಗೆ, ಪೋಲೀಸರ ವಶಕ್ಕೆ ಕೊಡಬೇಕೆಂದೂ ಅದರಲ್ಲಿಯೇ ಬರೆದಿದೆ.