ವರ್ಚುವಲ್ ಎನ್ವಿರಾನ್‌ಮೆಂಟ್ ಇಲ್ಲದೆ ಪೈಥಾನ್ ಪ್ಯಾಕೇಜುಗಳ ಅಳವಡಿಕೆ: ಕನ್ನಡ ಓಸಿಆರ್ ನಿದರ್ಶನ

ಸಾರಾಂಶ: ಹೊರಗಿನ ಪೈಥಾನ್ ಪ್ಯಾಕೇಜುಗಳನ್ನು ವರ್ಚುವಲ್ ಎನ್ವಿರಾನ್‌ಮೆಂಟ್ ಇಲ್ಲದೆಯೂ ಲಿನಕ್ಸ್‌ನಲ್ಲಿ ಸುರಕ್ಷಿತವಾಗಿ ಅಳವಡಿಸಬಹುದು, ಆದರೆ ಪ್ರತಿ ಕಡತಕೋಶದ ಹೊಣೆ ಒಂದೇ ಸಾಧನದ ಕೈಯಲ್ಲಿರಬೇಕು. ಇದು ಈ ಲೇಖನದ ವಾದ.

1. ಸಮಸ್ಯೆಯ ಮೂಲ

ಡೆಬಿಯನ್, ಉಬುಂಟುಗಳಲ್ಲಿ ವ್ಯವಸ್ಥೆಯೇ ಪೈಥಾನನ್ನು ನೆಚ್ಚಿಕೊಂಡಿದೆ. ಭದ್ರತಾ ಪರಿಷ್ಕರಣೆಗಳನ್ನು ತಾನಾಗಿ ಹಾಕುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಕೂಡ ಪೈಥಾನ್‌ನಲ್ಲೇ ಬರೆದದ್ದು. ಅದಕ್ಕೆ ಬೇಕಾದ ಪ್ಯಾಕೇಜುಗಳನ್ನು ತರುವುದು ವ್ಯವಸ್ಥೆಯ ಅಳವಡಿಕೆ ಸಾಧನವಾದ ಆಪ್ಟ್. ಪೈಥಾನ್‌ನ ಅಳವಡಿಕೆ ಸಾಧನವಾದ ಪಿಪ್ ಅನ್ನು ಸುಡೊ ಬಳಸಿ ನಡೆಸಿದಾಗ ಪ್ಯಾಕೇಜು ‘ಯುಎಸ್‌ಆರ್’ ಒಳಗಿನ ‘ಲೋಕಲ್’ ಕೋಶಕ್ಕೆ ಹೋಗುತ್ತದೆ. ಪೈಥಾನ್ ಆಪ್ಟ್‌ನ ಕೋಶಕ್ಕಿಂತ ಮೊದಲು ಹುಡುಕುವುದು ಅಲ್ಲಿಯೇ. ಹೀಗೆ ಪಿಪ್ ತಂದ ಆವೃತ್ತಿ ಆಪ್ಟ್ ತಂದದ್ದನ್ನು ಮರೆಮಾಡುತ್ತದೆ. ಆಪ್ಟ್‌ಗೆ ಅದರ ಸುಳಿವೂ ಸಿಗದು.

ಇದನ್ನು ತಡೆಯಲು 2021ರಲ್ಲಿ ಪೆಪ್ 668 ಪ್ರಸ್ತಾವ ಬಂತು. 2023ರ ಜನವರಿಯ ಪಿಪ್ 23.0 ಅದನ್ನು ಜಾರಿಗೆ ತಂದಿತು. ಅದೇ ವರ್ಷದ ಜೂನ್‌ನಲ್ಲಿ ಬಂದ ಡೆಬಿಯನ್ 12 ಅದನ್ನು ಒಳಗೊಂಡಿತು. ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಎಂಬ ಕಡತ ಕಂಡರೆ ಪಿಪ್ ಕೆಲಸ ನಿಲ್ಲಿಸುತ್ತದೆ. ‘ಯೂಸರ್’ ಆಯ್ಕೆ ಕೊಟ್ಟು ಬಳಕೆದಾರರ ಸ್ವಂತ ಕೋಶಕ್ಕೆ ಹಾಕಲು ಹೊರಟರೂ ಇದೇ ತಡೆ. ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಆಯ್ಕೆ ತಡೆಯನ್ನು ದಾಟಿಸುತ್ತದೆ, ಅಪಾಯವನ್ನು ನೀಗಿಸುವುದಿಲ್ಲ.

2. ಕನ್ನಡದ ಅಗತ್ಯ

ಮಾನ್ವಿ–ಸಿಂಧನೂರು ರಸ್ತೆಯ ಪೋತ್ನಾಳದಂಥ ಊರಿನ ಶಾಲೆಯೊಂದು ತನ್ನ ಹಳೆಯ ಅಚ್ಚಿನ ಪುಟಗಳನ್ನು ಓಸಿಆರ್ ಮೂಲಕ ಪಠ್ಯವಾಗಿಸಬೇಕು ಎಂದುಕೊಳ್ಳೋಣ. ಇದಕ್ಕೆ ಬಳಸುವ ಪೈಟೆಸರಾಕ್ಟ್ ಎಂಬ ಪೈಥಾನ್ ಪ್ಯಾಕೇಜು ಕೇವಲ ನಡುವಿನ ಕೊಂಡಿ. ಅಕ್ಷರ ಗುರುತಿಸುವ ಟೆಸರಾಕ್ಟ್ ತಂತ್ರಾಂಶ ಸಿ++ನಲ್ಲಿದೆ. ಕನ್ನಡದ ದತ್ತಾಂಶ ‘ಟೆಸರಾಕ್ಟ್-ಓಸಿಆರ್-ಕನ್’ ಎಂಬ ಪ್ರತ್ಯೇಕ ಡೆಬಿಯನ್ ಪ್ಯಾಕೇಜಿನಲ್ಲಿದೆ. ಪಠ್ಯವನ್ನು ತೋರಿಸುವ ಗುಬ್ಬಿ, ನವಿಲು ಫಾಂಟ್‌ಗಳೂ ಆಪ್ಟ್‌ನಲ್ಲೇ ಸಿಗುತ್ತವೆ. ಪೈಟೆಸರಾಕ್ಟನ್ನು ವರ್ಚುವಲ್ ಎನ್ವಿರಾನ್‌ಮೆಂಟಿಗೆ ಹಾಕಿದರೂ ಇವು ಅದರೊಂದಿಗೆ ಬರುವುದಿಲ್ಲ. ಕನ್ನಡದ ಕೆಲಸಕ್ಕೆ ಆಪ್ಟೇ ಅಡಿಪಾಯ.

3. ಸೂಚಿಸುವ ಕ್ರಮ

ಟೆಸರಾಕ್ಟ್, ಕನ್ನಡ ದತ್ತಾಂಶ, ಚಿತ್ರ ಓದುವ ಪಿಲ್ಲೊ, ಪೈಟೆಸರಾಕ್ಟಿಗೆ ಬೇಕಾದ ಇತರ ಪ್ಯಾಕೇಜುಗಳು ಇವುಗಳನ್ನು ಆಪ್ಟ್‌ನಿಂದ ಪಡೆಯಬೇಕು. ಪೈಟೆಸರಾಕ್ಟನ್ನು ಮಾತ್ರ ಪಿಪ್‌ನ ‘ಟಾರ್ಗೆಟ್’ ಆಯ್ಕೆಯಿಂದ ಆ ಕೆಲಸದ ಕೋಶದೊಳಗೆ ಹಾಕಬಹುದು; ಪೆಪ್ 668ರ ತಡೆ ಇದಕ್ಕಿಲ್ಲ. ಜೊತೆಗೆ ‘ನೋ ಡೆಪ್ಸ್’ ಕೊಡದಿದ್ದರೆ ಪಿಪ್ ಪಿಲ್ಲೊವಿನ ಇನ್ನೊಂದು ಪ್ರತಿಯನ್ನೂ ಅಲ್ಲಿಗೆ ತರುತ್ತದೆ. ಕೋಶದ ವಿಳಾಸವನ್ನು ‘ಪೈಥಾನ್‌ಪಾತ್’ ಮೂಲಕ ಆ ಕ್ರಮವಿಧಿ ನಡೆಯುವಷ್ಟು ಹೊತ್ತು ಮಾತ್ರ ತಿಳಿಸಬೇಕು. ಶಾಶ್ವತವಾಗಿ ಬರೆದಿಟ್ಟರೆ ಹಳೆಯ ತೊಡಕೇ ಮರುಕಳಿಸುತ್ತದೆ.

ಅಂತರ್ಜಾಲ ಸಾಲದ ಕಡೆಯೂ ಈ ಕ್ರಮ ನಡೆಯುತ್ತದೆ. ಪೈಟೆಸರಾಕ್ಟ್ ಶುದ್ಧ ಪೈಥಾನ್ ಆದ್ದರಿಂದ ಅದರ ವೀಲ್ ಎಂಬ ಅಳವಡಿಕೆ ಕಡತವನ್ನು ರಾಯಚೂರಿನಲ್ಲಿ ಇಳಿಸಿ, ಪೆನ್‌ಡ್ರೈವ್‌ನಲ್ಲಿ ಪೋತ್ನಾಳಕ್ಕೆ ಒಯ್ದು ಅಳವಡಿಸಬಹುದು. ಪಿಲ್ಲೊವಿನ ವೀಲ್ ಹಾಗಲ್ಲ. ಪೈಥಾನ್ ಆವೃತ್ತಿಯೂ ಪ್ರೊಸೆಸರ್ ಬಗೆಯೂ ಹೊಂದಬೇಕು. ಅದನ್ನು ಆಪ್ಟ್‌ಗೆ ಬಿಡುವುದಕ್ಕೆ ಇದು ಇನ್ನೊಂದು ಕಾರಣ.

4. ಉಪಸಂಹಾರ

ಹಲವು ಯೋಜನೆಗಳಿಗೆ ಒಂದೇ ಪ್ಯಾಕೇಜಿನ ಬೇರೆ ಬೇರೆ ಆವೃತ್ತಿಗಳು ಬೇಕಾದರೆ, 2012ರ ಪೈಥಾನ್ 3.3ರಿಂದ ಜೊತೆಗಿರುವ, ವರ್ಚುವಲ್ ಎನ್ವಿರಾನ್‌ಮೆಂಟ್ ಕಟ್ಟುವ ವೆನ್ವ್ ಸಾಧನವೇ ಸೂಕ್ತ. ಒಂದೇ ಕೆಲಸಕ್ಕೆ ಮೀಸಲಾದ ಯಂತ್ರಕ್ಕೆ ಮೇಲಿನ ಕ್ರಮ ಸಾಕು. ಐಐಐಟಿ ಇರುವ ರಾಯಚೂರು ಜಿಲ್ಲೆಯಲ್ಲಿ ಪೈಥಾನ್ ಕಲಿಸುವವರು ಪಿಪ್‌ನ ಮೊದಲ ಆಜ್ಞೆಗೂ ಮುನ್ನ ಒಂದು ಪ್ರಶ್ನೆ ಕೇಳಿಸಬೇಕು: ಈ ಕಡತ ಎಲ್ಲಿ ಕೂರುತ್ತದೆ, ನಾಳೆ ಅದನ್ನು ಪರಿಷ್ಕರಿಸುವವರು ಯಾರು?