ತಂತ್ರಜ್ಞಾನ ಗಳಿಕೆ, ಸಣ್ಣ ಕಂಪನಿಗಳಲ್ಲಿ
ಬೇಕಾದ ತಂತ್ರಜ್ಞಾನವನ್ನು ತಾನೇ ಕಟ್ಟುವುದೋ ಹೊರಗಿನಿಂದ ಕೊಳ್ಳುವುದೋ ಎಂಬ ನಿರ್ಧಾರ. ಸಣ್ಣ ಕಂಪನಿಗಳಲ್ಲಿ ಇದನ್ನು ಹಣಕ್ಕಿಂತ ಹೆಚ್ಚಾಗಿ ಗಡುವೇ ತೀರ್ಮಾನಿಸುವುದುಂಟು. 1980ರಲ್ಲಿ ಸುಮಾರು 40 ಜನರಿದ್ದ ಮೈಕ್ರೋಸಾಫ್ಟ್, ಐಬಿಎಂನ ಪರ್ಸನಲ್ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಂ ಕೊಡಲು ಒಪ್ಪಿಕೊಂಡಾಗ ಅದರ ಕೈಯಲ್ಲಿ ಅಂಥದ್ದೊಂದು ಇರಲೇ ಇಲ್ಲ. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ನಲ್ಲಿ ಟಿಮ್ ಪ್ಯಾಟರ್‌ಸನ್ ಬರೆದಿದ್ದ 86-ಡಾಸ್ ಎಂಬ ಆಪರೇಟಿಂಗ್ ಸಿಸ್ಟಂಗೆ ಮೊದಲು ಪರವಾನಗಿ ಪಡೆದು, 1981ರ ಜುಲೈಯಲ್ಲಿ 50,000 ಡಾಲರಿಗೆ ಪೂರ್ಣ ಹಕ್ಕನ್ನೇ ಕೊಂಡಿತು. ಅಷ್ಟರಲ್ಲಾಗಲೇ ಪ್ಯಾಟರ್‌ಸನ್ನರನ್ನೂ ಕೆಲಸಕ್ಕೆ ಸೇರಿಸಿಕೊಂಡಿತ್ತು, ಜಾಣತನವೆಂದರೆ ಇದು. ಐಬಿಎಂಗೆ ಬಳಸಲು ಕೊಟ್ಟರೂ, ಬೇರೆ ತಯಾರಕರಿಗೆ ಮಾರುವ ಹಕ್ಕನ್ನು ತನ್ನಲ್ಲೇ ಉಳಿಸಿಕೊಂಡಿತು. ಬೇಸಿಕ್ ಭಾಷೆಯ ಇಂಟರ್‌ಪ್ರಿಟರನ್ನು ಮಾತ್ರ 1975ರಲ್ಲಿ ಮೈಕ್ರೋಸಾಫ್ಟ್‌ನ ಸ್ಥಾಪಕರು ಬಹುಮಟ್ಟಿಗೆ ತಾವೇ ಬರೆದಿದ್ದರು. ಇನ್ನು 86-ಡಾಸ್‌ನ ಮೊದಲ ಒಪ್ಪಂದದ ಹೊತ್ತಿಗೆ, ಹಿಂದಿರುವ ಗಿರಾಕಿ ಐಬಿಎಂ ಎಂಬುದನ್ನು ಅದನ್ನು ಮಾರಿದ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ಗೆ ತಿಳಿಸಿರಲಿಲ್ಲ.