ನಾನೂರು ಪದಗಳ ಶಾಲೆ

ಹ್ಯೂಸ್ಟನ್ನಿನಿಂದ ನೈಋತ್ಯಕ್ಕೆ, ವಿಕ್ಟೋರಿಯಾ ಕಡೆಗೆ 59ನೇ ಹೆದ್ದಾರಿ ಹಿಡಿದು ಹೊರಟರೆ ಗನಾಡೊ ಎಂಬ ಸಣ್ಣ ಊರು ಬರುತ್ತದೆ. ಸುತ್ತ ಭತ್ತದ ಬಯಲು. ಪ್ರವಾಸಿಗರು ಇಳಿದು ನೋಡುವಂಥದ್ದು ಅಲ್ಲಿ ಏನೂ ಇಲ್ಲ. ಆದರೆ ತಿಪಟೂರು ತಾಲ್ಲೂಕಿನ ಸರ್ಕಾರಿ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಮಾಡಿಯೇ ನಿವೃತ್ತಳಾದ ನನಗೆ ಟೆಕ್ಸಸ್‌ನಲ್ಲಿ ಅದಕ್ಕಿಂತ ದೊಡ್ಡ ಊರಿಲ್ಲ. 1957ರ ಬೇಸಿಗೆಯಲ್ಲಿ ಇಸಬೆಲ್ ವೆರ್ವರ್ ಎಂಬ ಹದಿನೇಳರ ಹುಡುಗಿ ಅಲ್ಲಿ ಮೂರೇ ಮಕ್ಕಳನ್ನು ಕೂರಿಸಿಕೊಂಡು ಇಂಗ್ಲಿಷ್ ಪದಗಳನ್ನು ಹೇಳಿಕೊಡಲು ಶುರುಮಾಡಿದಳು. ಆಕೆ ಇನ್ನೂ ಹೈಸ್ಕೂಲು ಮುಗಿಸಿರಲಿಲ್ಲ. ಟೀಚರ್ ಟ್ರೈನಿಂಗ್ ಆಗಿರಲಿಲ್ಲ. ಮನೆಮಾತು ಸ್ಪ್ಯಾನಿಷ್. ಸೆಪ್ಟೆಂಬರಿನಲ್ಲಿ ಒಂದನೇ ತರಗತಿಗೆ ಕಾಲಿಡಲಿದ್ದ ಆ ಮಕ್ಕಳಿಗೂ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಬೇಸಿಗೆ ಕಳೆಯುವುದರೊಳಗೆ ಮೂವರಿದ್ದ ತರಗತಿ ನಲವತ್ತೈದಕ್ಕೆ ಬೆಳೆಯಿತು.

ಆಕೆಗೆ ವಾರಕ್ಕೆ 25 ಡಾಲರ್ ಸಂಬಳ. ಅದು ಫೆಲಿಕ್ಸ್ ತಿಹೆರಿನಾ ಎಂಬ ಹೋಟೆಲ್ ಮಾಲೀಕರ ಸ್ವಂತ ಜೇಬಿನಿಂದ ಬರುತ್ತಿತ್ತು. ತಿಹೆರಿನಾ ಮೆಕ್ಸಿಕೋ ಮೂಲದವರು. ಹುಡುಗನಾಗಿದ್ದಾಗ ಶುಗರ್ ಲ್ಯಾಂಡಿನ ಹತ್ತಿ ಹೊಲಗಳಲ್ಲಿ ದುಡಿದು, ಹ್ಯೂಸ್ಟನ್ನಿಗೆ ಬಂದು ಹೋಟೆಲಿನಲ್ಲಿ ತಟ್ಟೆ ಎತ್ತುವ ಕೆಲಸ ಹಿಡಿದರು. ಶಾಲೆಯಲ್ಲಿ ಕಲಿತದ್ದು ಅಲ್ಪ. 1937ರಲ್ಲಿ ತಮ್ಮ ಹೆಸರಿನಲ್ಲೇ ಮೆಕ್ಸಿಕನ್ ರೆಸ್ಟೊರೆಂಟ್ ತೆರೆದು ಹ್ಯೂಸ್ಟನ್ನಿನ ಬಿಳಿಯರನ್ನೂ ಗಿರಾಕಿಗಳಾಗಿ ಗೆದ್ದರು. 1956ರಲ್ಲಿ ಲುಲಾಕ್‌ನ ರಾಷ್ಟ್ರೀಯ ಅಧ್ಯಕ್ಷರಾದರು. ಲುಲಾಕ್ ಎಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರು 1929ರಲ್ಲಿ ಕಾರ್ಪಸ್ ಕ್ರಿಸ್ಟಿಯಲ್ಲಿ ಕಟ್ಟಿಕೊಂಡ ಸಂಘ. ಒಂದನೇ ತರಗತಿಗೆ ಸೇರುವ ಮೊದಲೇ ಮಗುವಿಗೆ ಇಂಗ್ಲಿಷಿನ ನಾನೂರು ಪದ ಗೊತ್ತಿದ್ದರೆ ಅದು ಹಿಂದೆ ಬೀಳುವುದಿಲ್ಲ ಎಂದು ತಿಹೆರಿನಾ ಬಲವಾಗಿ ನಂಬಿದ್ದರು. ಶಾಲೆಗೆ ಇಟ್ಟ ಹೆಸರೂ ಅದೇ: ನಾನೂರರ ಪುಟ್ಟ ಶಾಲೆ.

ಯಾಕೆ ಇಂಥ ಅವಸರ ಎಂದು ಕೇಳಿದರೆ ಆಗಿನ ಟೆಕ್ಸಸ್ ಶಾಲೆಗಳ ಒಳಹೊಕ್ಕು ನೋಡಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ, ಜರ್ಮನ್ ಭಾಷೆಯ ಮೇಲಿನ ಸಿಟ್ಟಿನ ನಡುವೆ, 1918ರಲ್ಲಿ ಟೆಕ್ಸಸ್ ಒಂದು ಕಾಯ್ದೆ ಮಾಡಿತು. ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ ಪಾಠ ಹೇಳುವ ಟೀಚರ್ ಅಪರಾಧಿಯಾಗುತ್ತಿದ್ದರು. ಹೈಸ್ಕೂಲಿನ ವಿದೇಶಿ ಭಾಷಾ ಪಾಠಕ್ಕೆ ಮಾತ್ರ ವಿನಾಯಿತಿ. ಜರ್ಮನ್ನರಿಗೆಂದು ಹೂಡಿದ ಬಾಣ ಹೆಚ್ಚು ನಾಟಿದ್ದು ಸ್ಪ್ಯಾನಿಷ್ ಮಕ್ಕಳಿಗೆ. ಇಂಗ್ಲಿಷ್ ಬಾರದ ಮಗು ಒಂದನೇ ತರಗತಿಯಲ್ಲೇ ಎರಡು ವರ್ಷ, ಮೂರು ವರ್ಷ ಕೂರುತ್ತಿತ್ತು. ಓರಗೆಯವರು ಮುಂದೆ ಹೋಗುವಾಗ ಹನ್ನೆರಡು ವರ್ಷದ ಹುಡುಗ ಚಿಕ್ಕ ಬೆಂಚಿನಲ್ಲಿ ಮಂಡಿ ಮಡಚಿ ಕುಳಿತಿದ್ದರೆ ಅವನು ಶಾಲೆ ಬಿಡದೆ ಇನ್ನೇನು ಮಾಡಿಯಾನು?

ಕೋರ್ಟುಗಳೂ ಈ ಗಂಟನ್ನು ಪೂರ್ತಿ ಬಿಡಿಸಲಿಲ್ಲ. ಆಸ್ಟಿನ್ ಪಕ್ಕದ ಬಾಸ್ಟ್ರೊಪ್ ಶಾಲೆಗಳ ವಿರುದ್ಧ ನಡೆದ ಡೆಲ್ಗಾಡೊ ಮೊಕದ್ದಮೆಯಲ್ಲಿ 1948ರಲ್ಲಿ ನ್ಯಾಯಾಧೀಶ ಬೆನ್ ರೈಸ್ ಮೆಕ್ಸಿಕನ್ ಮಕ್ಕಳನ್ನು ಬೇರೆ ಶಾಲೆಗೆ ಹಾಕುವುದು ಸಂವಿಧಾನಕ್ಕೆ ವಿರುದ್ಧ ಎಂದರು. ಆದರೆ ಒಂದು ಕಿಂಡಿ ಉಳಿಸಿದರು: ಪರೀಕ್ಷೆ ಮಾಡಿ ಇಂಗ್ಲಿಷ್ ಬಾರದೆಂದು ಕಂಡರೆ ಅದೇ ಆವರಣದಲ್ಲಿ ಒಂದನೇ ತರಗತಿಗೆ ಮಾತ್ರ ಬೇರೆ ಕೋಣೆ ಇರಬಹುದು. ಆ ಕಿಂಡಿ ಬಾಗಿಲೇ ಆಯಿತು. ದಕ್ಷಿಣ ಟೆಕ್ಸಸ್‌ನ ಡ್ರಿಸ್ಕಲ್ ಊರಿನಲ್ಲಿ ಮೆಕ್ಸಿಕನ್ ಹೆಸರಿನ ಮಕ್ಕಳಲ್ಲಿ ಬಹುತೇಕರು ಒಂದನೇ ತರಗತಿಯಲ್ಲೇ ಮೂರು ವರ್ಷ ಕಳೆಯಬೇಕಿತ್ತು. ಇಂಗ್ಲಿಷ್ ಮಾತ್ರ ಬರುವ, ಸ್ಪ್ಯಾನಿಷಿನ ಒಂದಕ್ಷರವೂ ಬಾರದ ಹುಡುಗಿಯನ್ನು ಕೂಡ ಆ ಕೋಣೆಗೇ ತಳ್ಳಿದ್ದರು. ಭಾಷೆ ಬರಿಯ ನೆಪ ಎಂದು ಇದಕ್ಕಿಂತ ಚೆನ್ನಾಗಿ ಯಾರು ಸಾಬೀತು ಮಾಡಬೇಕು? 1957ರ ಜನವರಿಯಲ್ಲಿ, ಗನಾಡೊದ ಪಾಠ ಶುರುವಾಗುವ ಕೆಲವೇ ತಿಂಗಳ ಮೊದಲು, ಡ್ರಿಸ್ಕಲ್ ಶಾಲೆಗಳ ವಿರುದ್ಧ ಹೂಡಿದ್ದ ಮೊಕದ್ದಮೆಯ ತೀರ್ಪು ಮಕ್ಕಳ ಪರ ಬಂತು.

ಪಶ್ಚಿಮ ತುದಿಯ ಮಾರ್ಫಾ ಊರಿನ ಬ್ಲ್ಯಾಕ್‌ವೆಲ್ ಶಾಲೆಯ ಕಥೆಯನ್ನು ಇಲ್ಲಿ ಹೇಳಲೇಬೇಕು. 1954ರಲ್ಲಿ ಅಲ್ಲಿ ಮಕ್ಕಳ ಕೈಗೆ ಚೀಟಿ ಕೊಟ್ಟು, ಇನ್ನು ಮುಂದೆ ಸ್ಪ್ಯಾನಿಷ್ ಆಡುವುದಿಲ್ಲ ಎಂದು ಬರೆಸಿ, ಆ ಚೀಟಿಗಳನ್ನು ಪೆಟ್ಟಿಗೆಗೆ ತುಂಬಿ, ಧ್ವಜಸ್ತಂಭದ ಬಳಿ ಗುಂಡಿ ತೋಡಿ ಹೂಳಿದರು. ಮಕ್ಕಳೇ ಮೆರವಣಿಗೆಯಲ್ಲಿ ಬಂದು ತಮ್ಮ ಮನೆಮಾತಿಗೆ ಶವಸಂಸ್ಕಾರ ಮಾಡಿದರು. 2007ರಲ್ಲಿ ಮುದುಕರಾಗಿದ್ದ ಆ ವಿದ್ಯಾರ್ಥಿಗಳು ಮತ್ತೆ ಅಲ್ಲಿ ಸೇರಿ ಸ್ಪ್ಯಾನಿಷನ್ನು ಮಣ್ಣಿನಿಂದ ಮೇಲೆತ್ತುವ ಕಾರ್ಯಕ್ರಮ ನಡೆಸಿದರು. ಈಗ ಆ ಶಾಲೆ ರಾಷ್ಟ್ರೀಯ ಐತಿಹಾಸಿಕ ತಾಣ. ಕನ್ನಡ ಮಾತಾಡಿದರೆ ದಂಡ ಕಟ್ಟಿಸಿಕೊಳ್ಳುವ ಶಾಲೆಗಳನ್ನು ಕಂಡ ನಮಗೆ ಈ ಕಥೆ ಹೊಸದಲ್ಲ. ಹೂಳುವ ಗುಂಡಿಯೊಂದನ್ನು ನಾವು ತೋಡಲಿಲ್ಲ, ಅಷ್ಟೆ.

ಈಗ ಆ ನಾನೂರು ಪದಗಳ ವಿಚಾರ. ಪಟ್ಟಿಯನ್ನು ಒದಗಿಸಿದವರು ಹ್ಯೂಸ್ಟನ್ ಪಕ್ಕದ ಬೇಟೌನಿನ ಶಿಕ್ಷಕಿ ಎಲಿಜಬೆತ್ ಬರಸ್. ಪದಗಳನ್ನು ಎಣಿಸಿ ಕಲಿಸುವ ಆಲೋಚನೆ ಆಗ ಜಗತ್ತಿನಲ್ಲಿ ಹೊಸದಾಗಿರಲಿಲ್ಲ. 1930ರಲ್ಲಿ ಸಿ. ಕೆ. ಆಗ್ಡನ್ 850 ಪದಗಳ ಬೇಸಿಕ್ ಇಂಗ್ಲಿಷ್ ರೂಪಿಸಿದ್ದರು. ಅದರಲ್ಲಿ 600 ವಸ್ತುಗಳ ಹೆಸರು, 150 ಗುಣಗಳು, ಉಳಿದ 100ರಲ್ಲಿ ಕ್ರಿಯಾಪದ, ಸರ್ವನಾಮ, ಉಪಸರ್ಗಾವ್ಯಯ ಎಲ್ಲವೂ ಸೇರಿ. ನಮ್ಮ ನೆರೆಯ ಢಾಕಾದಲ್ಲಿ ಬಂಗಾಳಿ ಹುಡುಗರಿಗೆ ಪಾಠ ಹೇಳುತ್ತಲೇ ಮೈಕೆಲ್ ವೆಸ್ಟ್ ಆರಿಸಿದ ಪದಗಳಲ್ಲಿ ಪಾಠ ಬರೆಯುವ ಕ್ರಮವನ್ನು ಬೆಳೆಸಿದರು. 1953ರಲ್ಲಿ ಅವರು ಸಂಪಾದಿಸಿ ಪ್ರಕಟಿಸಿದ ಪಟ್ಟಿಯಲ್ಲಿ ಸುಮಾರು 2000 ಪದಗಳು. ನಮ್ಮ ಐದನೇ ತರಗತಿಯ ಇಂಗ್ಲಿಷ್ ರೀಡರುಗಳ ಬೆನ್ನೆಲುಬೂ ಇಂಥ ಪಟ್ಟಿಗಳೇ.

ಆದರೆ ಆಗ್ಡನ್‌ಗೂ ವೆಸ್ಟ್‌ಗೂ ಪದ ಆರಿಸುವಾಗ ಕಣ್ಣ ಮುಂದಿದ್ದದ್ದು ಭಾಷೆ. ಯಾವ ಪದ ಹೆಚ್ಚು ಬಳಕೆಯಲ್ಲಿದೆ, ಯಾವುದರಿಂದ ಇನ್ನೊಂದನ್ನು ವಿವರಿಸಬಹುದು ಎಂಬ ಲೆಕ್ಕ. ಟೆಕ್ಸಸ್‌ನ ಪಟ್ಟಿಯ ಕಣ್ಣು ಒಂದನೇ ತರಗತಿಯ ಬಾಗಿಲಿನ ಮೇಲಿತ್ತು. ಆರು ವರ್ಷದ ಮಗು ತನ್ನ ಹೆಸರು ಹೇಳಬೇಕು, ಟೀಚರ್ ಕೂರು ಎಂದರೆ ಕೂರಬೇಕು, ನೀರು ಬೇಕು, ಬಾತ್‌ರೂಮಿಗೆ ಹೋಗಬೇಕು ಎಂದು ಕೇಳಲು ಬರಬೇಕು. ಇದು ವ್ಯಾಕರಣ ಪಾಠವೇ ಅಲ್ಲ ಎಂದು ನಮ್ಮಂಥ ಮೇಷ್ಟ್ರುಗಳು ಮೂಗು ಮುರಿಯಬಹುದು. ನಾನು ಹಾಗೆ ಎಣಿಸುವುದಿಲ್ಲ. ನಾಮಪದವನ್ನು ಮುಟ್ಟಿ ತೋರಿಸಬಹುದು, ಕ್ರಿಯಾಪದವನ್ನು ಮಾಡಿ ತೋರಿಸಬಹುದು. ಬಾಗಿಲನ್ನು ತೆರೆದು, ಮುಚ್ಚಿ, ಮತ್ತೆ ತೆರೆದರೆ ಎರಡು ಕ್ರಿಯಾಪದ, ಒಂದು ನಾಮಪದ ಒಂದೇ ಏಟಿಗೆ ಮಗುವಿನ ಮೈಗೆ ಇಳಿಯುತ್ತವೆ. ಕಷ್ಟ ಬರುವುದು ಇನ್, ಆನ್, ಅಟ್‌ಗಳಲ್ಲಿ. ನಮಗೆ ಸಪ್ತಮಿಯ ಪ್ರತ್ಯಯ ನಾಮಪದದ ಬಾಲಕ್ಕೆ ಅಂಟಿಕೊಂಡು ಬರುತ್ತದೆ, ಇಂಗ್ಲಿಷಿಗೆ ಅದು ಬೇರೆಯಾಗಿ ಮುಂದೆ ನಿಲ್ಲಬೇಕು. ಹೇಳಿ ವಿವರಿಸಿದರೆ ಇದು ತಲೆಗೆ ಹೋಗದು. ಪೆನ್ಸಿಲನ್ನು ಡಬ್ಬಿಯ ಒಳಗೆ, ಮೇಲೆ, ಕೆಳಗೆ ಇಡುತ್ತಲೇ ಇರಬೇಕು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ಜಗತ್ತು ಬೆಂಗಳೂರು ಪ್ರಾಜೆಕ್ಟ್ ಎಂದು ಕರೆಯುವ ಪ್ರಯೋಗವೂ ನಿಯಮ ಹೇಳಿಕೊಡದೆ ಕೆಲಸ ಕೊಟ್ಟು ಭಾಷೆ ಕಲಿಸುವ ದಾರಿಯನ್ನೇ ಹಿಡಿದದ್ದು.

ಗನಾಡೊದ ಮಕ್ಕಳಲ್ಲಿ ಬಹುತೇಕರು ಒಂದನೇ ತರಗತಿಯನ್ನು ಒಂದೇ ಸಲಕ್ಕೆ ದಾಟಿದರು. ಮರುವರ್ಷ ಎಡ್ನಾ, ರೋಸೆನ್‌ಬರ್ಗ್, ಶುಗರ್ ಲ್ಯಾಂಡ್ ಹೀಗೆ ಊರೂರಿಗೆ ಪುಟ್ಟ ಶಾಲೆ ಹಬ್ಬಿತು. ತಿಹೆರಿನಾ ಆಸ್ಟಿನ್ ಶಾಸನಸಭೆಯ ಬಾಗಿಲು ತಟ್ಟಿದರು. 1959ರಲ್ಲಿ ಮಸೂದೆ ಅಂಗೀಕಾರವಾಯಿತು. ಗವರ್ನರ್ ಪ್ರೈಸ್ ಡೇನಿಯಲ್ ಕಾಲದಲ್ಲಿ, ಇಂಗ್ಲಿಷ್ ಬಾರದ ಮಕ್ಕಳ ಬೇಸಿಗೆ ತರಗತಿಗೆ ರಾಜ್ಯವೇ ಬಹುಪಾಲು ಖರ್ಚು ಕೊಡುವ ಕಾನೂನು ಬಂತು. 1960ರ ಬೇಸಿಗೆಯಲ್ಲಿ 15,000ಕ್ಕೂ ಹೆಚ್ಚು ಮಕ್ಕಳು ಬಂದರು. ಹೋಟೆಲ್ ಮಾಲೀಕನ ಜೇಬಿನಿಂದ ಹೊರಟದ್ದು ಮೂರು ವರ್ಷದಲ್ಲಿ ರಾಜ್ಯದ ಬೊಕ್ಕಸ ಮುಟ್ಟಿತ್ತು.

ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಐ. ಸ್ಯಾಂಚೆಸ್ ಎಂಬ ಪ್ರೊಫೆಸರ್ ಇದ್ದರು. ಅವರೂ ಒಂದು ಕಾಲಕ್ಕೆ ಲುಲಾಕ್ ಅಧ್ಯಕ್ಷರಾಗಿದ್ದವರು. ಇಂಗ್ಲಿಷಿನಲ್ಲಿ ಬುದ್ಧಿಶಕ್ತಿ ಪರೀಕ್ಷೆ ಕೊಟ್ಟು ಸ್ಪ್ಯಾನಿಷ್ ಮಕ್ಕಳು ದಡ್ಡರೆಂದು ಬರೆಯುವುದು ಅನ್ಯಾಯ ಎಂದು 1932ರಲ್ಲೇ ವಾದಿಸಿದ್ದವರು. ಡೆಲ್ಗಾಡೊ ಮೊಕದ್ದಮೆಯ ಹಿಂದೆಯೂ ಇದ್ದವರು. ಕೊರತೆ ಮಗುವಿನ ಭಾಷೆಯಲ್ಲಿಲ್ಲ, ಅದನ್ನು ಬೇರೆ ಕೋಣೆಗೆ ತಳ್ಳುವ ಶಾಲೆಯಲ್ಲಿದೆ ಎಂಬುದು ಅವರ ಜೀವಮಾನದ ವಾದ. ಸಮುದಾಯವೇ ನಾನೂರು ಪದಗಳನ್ನು ಮಂತ್ರದಂತೆ ಮುಂದೆ ಹಿಡಿದರೆ ಆ ವಾದ ಸಡಿಲವಾಗುತ್ತಿತ್ತು. ಈ ಜಗಳದಲ್ಲಿ ಕಾರಣ ಗುರುತಿಸಿದ್ದರಲ್ಲಿ ಸ್ಯಾಂಚೆಸ್ ಹೇಳಿದ್ದೇ ಸರಿ. ಆದರೆ ಆ ಸೆಪ್ಟೆಂಬರಿನಲ್ಲಿ ಶಾಲೆಗೆ ಹೋಗಲಿದ್ದ ಮಗು ಕಾನೂನು ಬದಲಾಗುವವರೆಗೆ ಕಾಯುವಂತಿರಲಿಲ್ಲ. ಆ ಮಗುವಿಗಾಗಿ ಇಸಬೆಲ್ ಮಾಡಿದ್ದೂ ಸರಿ. ಅದಕ್ಕೂ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸುವುದು ಇದು: ಮಾರ್ಫಾದಲ್ಲಿ ಯಾವ ಪದ ಇರಬೇಕು, ಯಾವುದು ಹೋಗಬೇಕು ಎಂದು ಶಾಲೆ ನಿರ್ಧರಿಸಿತು. ಗನಾಡೊದಲ್ಲಿ ಆ ಮಕ್ಕಳದೇ ಮಾತಾಡುವ ಹುಡುಗಿಯೊಬ್ಬಳು ಹೊಸ ಪದ ಕೊಟ್ಟಳು, ಹಳೆಯದನ್ನು ಕಿತ್ತುಕೊಳ್ಳಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. 1928ರಲ್ಲಿ ಕೊಟುಲ್ಲಾ ಊರಿನ ಮೆಕ್ಸಿಕನ್ ಶಾಲೆಯಲ್ಲಿ ಮೇಷ್ಟ್ರಾಗಿದ್ದು ಅಲ್ಲಿ ಮಕ್ಕಳು ಇಂಗ್ಲಿಷೇ ಆಡಬೇಕೆಂದು ಕಟ್ಟುನಿಟ್ಟು ಮಾಡಿದ, ನಂತರ ಹ್ಯೂಸ್ಟನ್ನಿನ ಹೈಸ್ಕೂಲಿನಲ್ಲಿ ಭಾಷಣಕಲೆ ಕಲಿಸಿದ ಲಿಂಡನ್ ಜಾನ್ಸನ್ ಅಧ್ಯಕ್ಷರಾದ ಮೇಲೆ, 1968ರ ಜನವರಿ 2ರಂದು ದ್ವಿಭಾಷಾ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಮಸೂದೆ ತಂದವರು ಟೆಕ್ಸಸ್‌ನವರೇ ಆದ ಸೆನೆಟರ್ ರಾಲ್ಫ್ ಯಾರ್ಬರೊ. 1969ರಲ್ಲಿ ಟೆಕ್ಸಸ್ ತನ್ನ 1918ರ ನಿಷೇಧವನ್ನು ಕೈಬಿಟ್ಟಿತು. 1973ರಲ್ಲಿ, ಜೋ ಬರ್ನಾಲ್ ಮತ್ತು ಕಾರ್ಲೊಸ್ ತ್ರುಯಾನ್ ಶಾಸಕರಾಗಿ ಮಾಡಿದ ದುಡಿಮೆಯಿಂದ, ಇನ್ನೊಂದು ಕಾನೂನು ಬಂತು. ಒಂದೇ ಮನೆಮಾತಿನ, ಇಂಗ್ಲಿಷ್ ಸಾಲದ ಇಪ್ಪತ್ತು ಮಕ್ಕಳು ಒಂದು ತರಗತಿ ಮಟ್ಟದಲ್ಲಿದ್ದರೆ ಎರಡೂ ಭಾಷೆಯಲ್ಲಿ ಕಲಿಸಬೇಕು ಎಂಬುದು ಅದರ ಸಾರ. ಈ ಕಾನೂನುಗಳು ತಡವಾಗಿ ಬಂದ ಶಾಲೆಗಳೂ ಇದ್ದವು: ಡಾಲಸ್ ಪೇಟೆಯ ನಡುವೆ 1888ರ ಕಂಬರ್ಲೆಂಡ್ ಹಿಲ್ ಶಾಲೆಯ ಇಟ್ಟಿಗೆ ಕಟ್ಟಡ ಇನ್ನೂ ನಿಂತಿದೆ. ಮೊದಲು ಯುರೋಪಿನ ವಲಸಿಗರ ಮಕ್ಕಳು, ಆಮೇಲೆ ಲಿಟಲ್ ಮೆಕ್ಸಿಕೋ ಕೇರಿಯ ಮಕ್ಕಳು ಅಲ್ಲಿ ಓದಿದರು. ಈ ಯಾವ ಕಾನೂನಿನ ನೆರಳೂ ಬೀಳುವ ಮೊದಲೇ, 1958ರಲ್ಲಿ, ಅಲ್ಲಿನ ಪ್ರಾಥಮಿಕ ಶಾಲೆ ಮುಚ್ಚಿತ್ತು.

ಈ ಇತಿಹಾಸ ನಮ್ಮ ಕನ್ನಡದ ಮನೆಗಳ ಹೊಸಿಲಿಗೂ ಬಂದು ನಿಂತಿದೆ. ಟೆಕ್ಸಸ್ ಶಾಲೆಗೆ ಮಗುವನ್ನು ಸೇರಿಸುವಾಗ ತುಂಬಬೇಕಾದ ಒಂದು ನಮೂನೆಯಲ್ಲಿ ಮನೆಯಲ್ಲಿ ಆಡುವ ಭಾಷೆ ಯಾವುದು ಎಂದು ಕೇಳುತ್ತಾರೆ. ಮಗುವನ್ನು ಇಂಗ್ಲಿಷ್ ಬಾರದವರ ಗುಂಪಿಗೆ ಹಾಕಿಬಿಟ್ಟಾರು ಎಂಬ ಭಯಕ್ಕೆ ನಮ್ಮವರಲ್ಲಿ ಕೆಲವರು ಅಲ್ಲಿ ಇಂಗ್ಲಿಷ್ ಎಂದೇ ಬರೆಯುತ್ತಾರೆ. ಶನಿವಾರ ಭಾನುವಾರ ಅದೇ ಮಗುವನ್ನು ಕನ್ನಡ ತರಗತಿಗೆ ಕರೆದುಕೊಂಡು ಹೋಗುತ್ತಾರೆ. ಆ ಭಯ ನನಗೆ ಅರ್ಥವಾಗುತ್ತದೆ. ಆದರೂ ಕೇಳಿದವರಿಗೆಲ್ಲ ಹೇಳುತ್ತೇನೆ: ಕನ್ನಡ ಎಂದೇ ಬರೆಯಿರಿ. ಆ ಒಂದು ಪ್ರಶ್ನೆಯನ್ನು ಶಾಲೆ ಮರ್ಯಾದೆಯಿಂದ ಕೇಳುವಂತಾಗಲು ಇಲ್ಲಿ ಐವತ್ತು ವರ್ಷ ಹಿಡಿದಿದೆ.

ಶುಗರ್ ಲ್ಯಾಂಡಿನಲ್ಲಿ ನಾನು ಈಗ ಬಿಡುವಿನ ವೇಳೆಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೆಚ್ಚಿನವರು ಹೆಂಗಸರು, ಹೊಂಡುರಾಸ್, ವಿಯೆಟ್ನಾಂ, ಅಫ್ಘಾನಿಸ್ತಾನದವರು, ಒಬ್ಬರೋ ಇಬ್ಬರೋ ನಮ್ಮ ಕಡೆಯ ಅತ್ತೆಯರು. ನಾಮಪದದ ಅಧ್ಯಾಯದಿಂದ ಶುರುಮಾಡುವ ಪುಸ್ತಕವನ್ನು ಪಕ್ಕಕ್ಕಿಟ್ಟಿದ್ದೇನೆ. ಮೊದಲ ದಿನ ಹಲಗೆಯ ಮೇಲೆ ಅವರೇ ಪಟ್ಟಿ ಮಾಡುತ್ತಾರೆ, ಕಳೆದ ವಾರ ಬೇಕಾಗಿತ್ತು ಆದರೆ ಬಾಯಿಗೆ ಬರಲಿಲ್ಲ ಎನ್ನುವ ಮಾತುಗಳನ್ನು, ಅವರವರ ಭಾಷೆಯಲ್ಲೇ. ಡೆಪಾಸಿಟ್, ರೀಫಿಲ್, ಜ್ವರ, ಓವರ್‌ಟೈಮ್, ಬಾಡಿಗೆ, ಮೊಮ್ಮಗಳ ಬಸ್ಸು ತಡ. ಎಡಗಡೆ ಹೆಸರುಗಳನ್ನು ಬರೆಯುತ್ತೇವೆ, ಬಲಗಡೆ ಕ್ರಿಯೆಗಳನ್ನು. ಎಡಗಡೆ ಬೇಗ ತುಂಬುತ್ತದೆ. ಬಲಗಡೆಗೆ ಏನು ಬರೆಯಬೇಕೆಂದು ಅವರು ತಮ್ಮತಮ್ಮಲ್ಲೇ ವಾದಕ್ಕೆ ಬೀಳುತ್ತಾರೆ. ಬಾಡಿಗೆಯನ್ನು ಕಟ್ಟುತ್ತೇನೆ ಅನ್ನಬೇಕೋ, ಕಟ್ಟಿದ್ದೇನೆ ಅನ್ನಬೇಕೋ, ಕಟ್ಟಲಾರೆ ಅನ್ನಬೇಕೋ? ಆ ಮೂರನ್ನೂ ಆಡಿ ನೋಡುವಷ್ಟರಲ್ಲಿ ಅಂದಿನ ಪಾಠದ ಹೊತ್ತು ಮುಗಿದಿರುತ್ತದೆ, ಪಟ್ಟಿಯ ಉಳಿದ ಸಾಲುಗಳನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳುತ್ತೇವೆ.